ಕೊಳದ ಡಾಕ್ಟರಮ್ಮ ಕೇಳಿದ್ದು

ರೊಸಾರಿಯೊ,
ಫೆಬ್ರವರಿ ೯

ಪ್ರೀತಿಯ ವಾಲ್ದೆಮಾರ್,

ಮೊಣಕಾಲು ನೋವು ಕಡಿಮೆಯಾಯಿತೆ? ಮೊಂತೆವಿದೆಯೊದ ಮನೆ ಬಿಟ್ಟು ಮೂರು ವಾರವಾದರೂ ಒಂದು ಸಾಲು ಬರೆಯಲಿಲ್ಲವೆಂದು ಬೈದುಕೊಳ್ಳಬೇಡ. ಫೋನಿನಲ್ಲಿ ನೀನು "ಎಲ್ಲಾ ಸರಿ ಇದೆಯಾ?" ಅನ್ನುತ್ತೀಯ, ನಾನು "ಸರಿ ಇದೆ" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕಾಗದಕ್ಕೆ ಅಷ್ಟು ಅವಸರವಿಲ್ಲ.

ಹೋದಲ್ಲೆಲ್ಲ ಈಜುತ್ತಿದ್ದೇನೆ. ಬೇರೆಯವರು ಇಗರ್ಜಿ, ಅರಮನೆ ಎಂದು ಅಲೆಯುತ್ತಾರೆ. ನಾನು ಬಸ್ಸಿಳಿದವಳೇ ಈಜುಕೊಳ ಎಲ್ಲಿ ಎಂದು ಕೇಳುತ್ತೇನೆ. ಸಾಂತಿಯಾಗೊದ ಕೊಳ ಗುಡ್ಡದ ಮೇಲಿದೆ. ಅಂಗಾತ ಈಜುತ್ತಾ ಆಕಾಶ ನೋಡಿಕೊಂಡಿದ್ದವಳು ನನ್ನ ಬದಿ ತಪ್ಪಿ ಒಬ್ಬ ಹೆಂಗಸಿಗೆ ಡಿಕ್ಕಿ ಹೊಡೆದೆ. "ಬಲಗಡೆ ಬನ್ನಿ ಅಜ್ಜಿ, ಇದೇನು ನಿಮ್ಮನೆ ಬಚ್ಚಲಾ?" ಅಂದಳು. ಆಮೇಲೆ ಅವಳೇ ಕರೆದು ಪೀಚ್ ಹಣ್ಣು ಕೊಟ್ಟಳು.

ಮೆಂದೋಸಾದ ನೀರು ಮಂಜು ಕರಗಿ ಬಂದದ್ದು, ಕಾಲಿಟ್ಟರೆ ಪ್ರಾಣ ಬಾಯಿಗೆ ಬರುತ್ತದೆ. ಅಲ್ಲಿನ ಮುದುಕರು ದೇವರನ್ನು ಬೈಯುತ್ತಲೇ ಇಳಿಯುತ್ತಾರೆ. ನಾನೂ ಬೈದೆ. ನಾಲ್ಕಾರು ಸುತ್ತು ಹೊಡೆದ ಮೇಲೆ ಮೈ ಹಗುರವಾಯಿತು. ಇಷ್ಟು ಸುಖವನ್ನು ಒಬ್ಬಳೇ ಪಟ್ಟೆನಲ್ಲ ಎಂದು ಸಂಕಟವೂ ಆಯಿತು. "ನೀರಲ್ಲಿ ಆ ಕಡೆ ಹೋಗೋದು, ಈ ಕಡೆ ಬರೋದು. ಅದಕ್ಕೆ ದೇಶ ಬಿಟ್ಟು ಹೋಗ್ಬೇಕಾ?" ಎಂದು ನಾನು ಹೊರಡುವ ಮುಂಚೆ ನೀನು ಕೇಳಿದ್ದೆ. ಕ್ಲಬ್ಬಿನಲ್ಲಿ ನೀನು ಚೆಂಡು ಉರುಳಿಸುವುದೂ ಅಷ್ಟೇ ಅಲ್ಲವೇ ಎಂದು ನಾನು ಜಗಳಕ್ಕೆ ನಿಂತೆ. ಜಗಳ ಬಿಟ್ಟು ಒಮ್ಮೆ 'ಬಾ' ಎಂದು ಕರೆಯಬಹುದಿತ್ತು. ಕರೆಯಲಿಲ್ಲ. ನೀನೂ 'ಬರಲಾ' ಎನ್ನಲಿಲ್ಲ.

ಇಲ್ಲಿ ರೊಸಾರಿಯೊದಲ್ಲಿ ನೀರಿಗಿಳಿಯುವ ಮುನ್ನ ಡಾಕ್ಟರಮ್ಮನಿಗೆ ಮೈ ತೋರಿಸಬೇಕು. ಈಜುಡುಗೆಯಲ್ಲಿ ಸಾಲಾಗಿ ನಿಂತು, ಕಾಲ್ಬೆರಳು ಅಗಲಿಸಿ, ಕೈಯೆತ್ತಿ ಕಂಕುಳು ತೋರಿಸುತ್ತೇವೆ. ಹುಳುಕಡ್ಡಿ ಗಿಳುಕಡ್ಡಿ ಇದೆಯೇ ಎಂದು ನೋಡುತ್ತಾಳೆ. ಸಂತೆಯಲ್ಲಿ ದನದ ಹಲ್ಲು ನೋಡಿದ ಹಾಗೆ. "ಹುಡುಗಿ ಕಾಲು ಇದ್ದಂಗಿದೆ ಕಣಮ್ಮಾ" ಎಂದು ನನ್ನನ್ನು ಹೊಗಳಿದಳು.

ತಿಂಗಳ ಕೊನೆಗೆ ಬರುತ್ತೇನೆ. ಬಾಲ್ಕನಿಯ ಗಿಡಗಳಿಗೆ ನೀರು ಹಾಕು. ಬರೀ ಆ 'ಮಾತೆ' ಎಲೆಯ ಕಷಾಯ ಹೀರಿಕೊಂಡು ಊಟ ತಪ್ಪಿಸಬೇಡ. ದೇವಮಾತೆ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಮಿರ್ತಾ

ಬರೆಯಲೋ ಬೇಡವೋ ಎಂದು ಉಳಿಸಿಕೊಂಡದ್ದು: ಡಾಕ್ಟರಮ್ಮ ಕಾಲು ನೋಡಿ ಸುಮ್ಮನೆ ಬಿಡಲಿಲ್ಲ. ನಾನು ತಿರುಗಿದ್ದೇ ತಡ, ಭುಜ ಹಿಡಿದು ನಿಲ್ಲಿಸಿದಳು. "ಬೆನ್ನ ಮೇಲೆ ಈ ಕಪ್ಪು ಮಚ್ಚೆ ಯಾವಾಗಿಂದ ಇದೆ?" ಮಚ್ಚೆ ಇರುವುದೇ ನನಗೆ ಗೊತ್ತಿರಲಿಲ್ಲ. "ಮನೇಲಿ ನಿಮ್ಮ ಬೆನ್ನು ನೋಡೋರು ಯಾರೂ ಇಲ್ವಾ?" ಅಂದಳು. "ಗಂಡ ಇದ್ದಾರೆ, ಕೇಳಿ ಹೇಳ್ತೀನಿ" ಅಂದೆ. ಈಜಬಹುದಂತೆ, ಆದರೆ ಊರಿಗೆ ಹೋದ ಕೂಡಲೇ ತೋರಿಸಬೇಕಂತೆ. ಅದಕ್ಕೆ ನಾನು ಹೆದರಿಲ್ಲ. ಎಡ ಭುಜದ ಕೆಳಗಿದೆಯಂತೆ, ವಾಲ್ದೆಮಾರ್. ನಿನಗೆ ಗೊತ್ತಿತ್ತಾ? ಗೊತ್ತಿಲ್ಲದಿದ್ದರೆ ಗೊತ್ತು ಅನ್ನಬೇಡ. ಆಮೇಲೆ ನೀರಿಗಿಳಿದು ಆ ಕಡೆ ಈ ಕಡೆ ಈಜುತ್ತಾ ನಿನ್ನ ಬೆನ್ನು ಹೇಗಿದೆ ಎಂದು ನೆನೆಸಿಕೊಳ್ಳಲು ನೋಡಿದೆ. ನನಗೆ ನಿನ್ನ ಅಂಗಿಗಳಷ್ಟೇ ನೆನಪಾದವು.