ಬಚ್ಚಲಿಗೆ ಸುರಿದ ಹಿಗ್ಗುನೀರು

ಶಾಲಿವಾಹನ ಶಕ ೨೦೯೩, ಪ್ರಜೋತ್ಪತ್ತಿ ಸಂವತ್ಸರ, ಶ್ರಾವಣ ಶುದ್ಧ ಏಕಾದಶಿ. ಭೀಮಾ ದಂಡೆ.

ಸೋನವ್ವಾಯಿಗೆ, ನಿನ್ನಿಂದ ಆರನೆಯ ತಲೆಯ ರಖುಮವ್ವನ ಸಾಷ್ಟಾಂಗ ನಮಸ್ಕಾರ.

ಮೇಲಿನ ತಾರೀಖು ಓದಿ, ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಒಲೆಗೆ ಹಾಕಬೇಡ. ನಿನಗಿನ್ನೂ ಬಾರದ ದಿನ ನನಗೆ ಇವತ್ತು. ನಮ್ಮ ಕೆಲವು ಮಾತು ನಿನಗೆ ತಿಳಿಯದೆ ಹೋಗಬಹುದು. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು, ತಿದ್ದಿ ತೀಡಿ ಬರೆಯಲು ಬಾರದು. ಅಷ್ಟು ಕ್ಷಮಿಸು. ನಿನಗೀಗ ನಲವತ್ತಿರಬೇಕು, ನನಗೆ ಐವತ್ತು ತುಂಬಿತು. ಆದರೂ ನೀನು ನನ್ನ ಅಜ್ಜಿಗೂ ಹಿರಿಯ ಆಯಿ, ಮತ್ತು ಆಯಿಗೆ ನಮ್ಮಲ್ಲಿ ಯಾರೂ ‘ನೀವು’ ಎನ್ನುವುದಿಲ್ಲ.

ಇಂದು ಹನಿ ನೀರಿಲ್ಲದ ಉಪವಾಸ. ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ, ವಿಠೋಬನಿಗೆ ನೀರೆರೆದು, ತುಳಸಿ ಏರಿಸಿದೆ. ಮಗಳ ಎದೆಗೆ ಹಾಕಿದ ಕೊಳವೆಯ ಬಾಯನ್ನು ಸ್ಪಿರಿಟ್ಟಿನಿಂದ ಒರೆಸಿ, ಹಾಸಿಗೆ ಬದಲಿಸಿ ಈಗ ಕುಳಿತಿದ್ದೇನೆ. ಮಗಳ ಹೆಸರು ಇಂದ್ರಾಯಣಿ, ಹತ್ತೊಂಬತ್ತು ವರ್ಷ. ಆಕೆಯೂ ನಿನ್ನೆ ಸಂಜೆಯಿಂದ ನೀರು ಮುಟ್ಟಿಲ್ಲ. ಹೀಗೆಯೇ ಮುಟ್ಟದಿದ್ದರೆ ಸಾಯುತ್ತಾಳೆ. ಅದಕ್ಕೆ ನೀನು ಕಾರಣ, ನಾನೂ ಕಾರಣ.

ನಿನ್ನ ಮಗನಿಗೆ ಹೊಟ್ಟೆ ಹಿಂಡಿ ರಕ್ತ ಹೋಗುತ್ತಿದ್ದಾಗ, ದವಾಖಾನೆಯವರು ಅದಕ್ಕೆ ಕ್ರೋನ್ಸ್ ಎಂದು ಹೆಸರು ಹೇಳಿದ ದಿನ, ನೀನು ವಿಠೋಬನ ಮುಂದೆ ಸೆರಗೊಡ್ಡಿದೆ. “ನನ್ನ ಕೂಸಿನ ಕರಳ ಉಳಸಪ್ಪಾ, ಏಳ ತಲಿತನಾ ನಮ್ಮ ಮನಿ ಹೆಣ್ಮಕ್ಕಳು ಏಕಾದಶಿಗೆ ಹನಿ ನೀರ ಮುಟ್ಟೂದಿಲ್ಲ” ಎಂದೆಯಂತೆ. ಹುಡುಗ ಉಳಿದ. ಔಷಧಿಯಿಂದಲೋ ಹರಕೆಯಿಂದಲೋ, ಅದನ್ನು ಅಳೆಯುವವಳು ನಾನಲ್ಲ. ಆದರೆ ಆಯಿ, ಬಾಯಿ ನಿನ್ನದು, ಗಂಟಲು ನಮ್ಮವು. ಹರಕೆಯ ಜೊತೆಗೆ ರೋಗವೂ ಇಳಿದು ಬಂತು. ಏಳನೆಯ ತಲೆ ಇಂದ್ರಾಯಣಿ. ಎರಡೂ ಆಕೆಯ ಪಾಲಿಗೆ ಬಂದವು.

ನಿಮ್ಮ ಕಾಲದಲ್ಲಿಯೂ ಹೊಟ್ಟೆಯ ಒಳಗಿನ ಚಿತ್ರ ತೆಗೆಯುತ್ತಾರೆ. ನಾವು ಅದನ್ನು ಒಡಲಚ್ಚು ಎನ್ನುತ್ತೇವೆ. ದೊಡ್ಡ ಅಯಸ್ಕಾಂತದ ಗೂಡಿನಲ್ಲಿ ಮಲಗಿಸಿ, ಉಸಿರು ಹಿಡಿಸಿ, ಕರುಳನ್ನು ಮೊಳಮೊಳವಾಗಿ ನೋಡುತ್ತಾರೆ: ಎಲ್ಲಿ ಕಿರಿದಾಗಿದೆ, ಎಲ್ಲಿ ತೂತು ಬಿದ್ದಿದೆ, ಎಷ್ಟನ್ನು ಕೊಯ್ದು ತೆಗೆದಾಗಿದೆ. ಎಲ್ಲ ಕೂಡಿಸಿ ನೂರಕ್ಕೆ ಇಷ್ಟೆಂದು ಒಂದು ಅಂಕಿ ಕೊಡುತ್ತಾರೆ, ಅದು ಕರುಳಂಕಿ. ಅದು ಇವತ್ತಿನ ಉರಿಯನ್ನು ಹೇಳುವುದಿಲ್ಲ, ಹುಟ್ಟಿದಂದಿನಿಂದ ಸುಟ್ಟದ್ದನ್ನೆಲ್ಲ ಹಿಡಿದಿಡುತ್ತದೆ. ಹಾಗಾಗಿ ಏರುತ್ತದೆ, ಇಳಿಯುವುದಿಲ್ಲ. ನಮ್ಮಲ್ಲಿ ಮನೆಮನೆಗೆ ಒಲೆಯಿಲ್ಲ. ಊರಡುಗೆ ಎಂಬ ಒಂದೇ ಅಡುಗೆಮನೆ, ಅದರ ಗೋಡೆಯ ಮೊಳೆಗಳಿಗೆ ಪ್ರತಿಯೊಬ್ಬರ ಹೆಸರು ಕೊರೆದ ಊಟದ ತಾಟು. ಕರುಳಂಕಿ ಮೂವತ್ತು ದಾಟಿದರೆ ತಾಟು ಇಳಿಸುತ್ತಾರೆ, ಅನ್ನ ವ್ಯರ್ಥವಾಗಬಾರದಲ್ಲ. ಅವರಿಗೆ ಎದೆಯ ಕೊಳವೆಯಿಂದ ಹಾಲುಬಣ್ಣದ ಊಟ. ಇಳಿಸಿದ ತಾಟನ್ನು ಕರಗಿಸಿ ಸೌಟು ಮಾಡುತ್ತಾರೆ. ನಮಗೆ ಸಾರು ಬಡಿಸುವ ಸೌಟಿನಲ್ಲಿ ಮೂರು ಜನರಿದ್ದಾರೆ. ಗಂಡಿನ ಕಡೆಯವರು ಜಾತಕಕ್ಕಿಂತ ಮೊದಲು ಅಂಕಿ ಕೇಳುತ್ತಾರೆ, “ಹುಡಿಗಿ ಪೂರಾ ಅದಾಳೇನ್ರಿ?” ಎಂದು. ಇಂದ್ರಾಯಣಿಯ ಅಂಕಿ ಹದಿನೇಳಿತ್ತು.

ಹೋದ ವರ್ಷ ಆಕೆಯ ಒಡಲಚ್ಚಿನ ಸರದಿ ಏಕಾದಶಿಯ ದಿನ ಬಂತು. ಸರದಿ ತಪ್ಪಿದರೂ ತಾಟು ಇಳಿಯುತ್ತದೆ, ಹೋಗಲೇಬೇಕು. ಅಚ್ಚಿಗೆ ಮೊದಲು ಹಿಗ್ಗುನೀರು ಎಂಬ ಸಪ್ಪೆ ಸಿಹಿಯ ನೀರನ್ನು ಎರಡು ತಂಬಿಗೆ ಕುಡಿಸುತ್ತಾರೆ. ಮುದುಡಿದ ಕರುಳು ಅದರಿಂದ ಬಿಚ್ಚಿಕೊಳ್ಳುತ್ತದೆ. ಅಚ್ಚಿನ ಮನೆಯ ಗುರುಪಾದಪ್ಪ ತಂಬಿಗೆ ಇಟ್ಟು ಹೇಳಿದ: “ಎರಡೂ ಖಾಲಿ ಆಗ್ಬೇಕ್ ನೋಡ ತಂಗಿ. ಕರಳು ಉಬ್ಬಲಿಲ್ಲಂದ್ರ ಅಚ್ಚು ಸುಳ್ಳ ಹೇಳತೈತಿ. ಮುದುಡಿದ್ದನ್ನ ನೋಡಿ ಇಲ್ಲಿ ಕಟ್ಟೈತಿ ಅಂತೈತಿ.”

ಆತ ಒಳಗೆ ಹೋದ ಮೇಲೆ ಇಂದ್ರಾಯಣಿ ನನ್ನ ಮುಖ ನೋಡಿದಳು. “ಕುಡೀತೀನಿ ಬಿಡವ್ವಾ. ಔಷಧಿ ಇದ್ಧಂಗ ಇದು. ವಿಠೋಬಗ ನಾ ಹೇಳ್ಕೋತೀನಿ.”

“ಏಳನೇ ತಲಿಗೆ ಬಂದು ಮುರೀತಿಯೇನ? ಆರ ಮಂದಿ ಹೆಂಗಸ್ರು ಒಣಗಿದ್ದು ನಿನ್ನ ಸಂಬಂಧ ನೀರಾಗ ಹೋಗಬೇಕೇನ?” ಎಂದೆ. ತಂಬಿಗೆಗಳನ್ನು ಒಯ್ದು ಬಚ್ಚಲಿಗೆ ಸುರಿದೆ. ಎರಡನೆಯದನ್ನು ಸುರಿಯುವಾಗ ‘ಪಾಂಡುರಂಗ’ ಎಂದೆ. ಮನಸ್ಸಿಗೆ ಸಮಾಧಾನವಾಗಿತ್ತು, ಆಯಿ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಗುರುಪಾದಪ್ಪ ಬಂದು “ಕುಡದ್ಯಾ?” ಎಂದ. ಆಕೆ ನನ್ನ ಕಡೆ ನೋಡದೆ, “ಕುಡದೀನ್ರಿ ಕಾಕಾ” ಎಂದಳು.

ಅಚ್ಚಿನಲ್ಲಿ ಆರು ಕಡೆ ಕಟ್ಟು ಕಂಡಿತು. ಅಂಕಿ ನಲವತ್ತೊಂದು. ನಮ್ಮಲ್ಲಿ ಕೊಯ್ಯುವುದು ಯಂತ್ರ. ಅದು ಅಚ್ಚನ್ನು ನೋಡುತ್ತದೆ, ಕರುಳನ್ನು ನೋಡುವುದಿಲ್ಲ. ಮೂರನೆಯ ದಿನ ಒಂಬತ್ತು ಮೊಳ ತೆಗೆಯಿತು. ತೆಗೆದದ್ದನ್ನು ಟ್ರೇಯಲ್ಲಿ ಬಿಚ್ಚಿ ನೋಡಿದ ಡಾಕ್ಟರಮ್ಮ ನನ್ನನ್ನು ಕರೆದು ಕೇಳಿದಳು: “ಒಂದ ಕಡೆ ಬಿಟ್ರ ಉಳದದ್ದೆಲ್ಲಾ ಹಸನ ಐತಲ್ರಿ. ಆವತ್ತ ಹಿಗ್ಗುನೀರ ಕುಡದಿದ್ಲೋ ಇಲ್ಲೋ?” ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅಂಕಿ ಇಳಿಸಿರೆಂದು ಕಚೇರಿಯವನ ಕಾಲು ಹಿಡಿದೆ. ಆತ ಕಾಲು ಬಿಡಿಸಿಕೊಳ್ಳಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಯವ್ವಾ, ಅಚ್ಚು ಸುಳ್ಳ ಇರಬಹುದು. ಕತ್ರಿ ಖರೇ ಅದಲ್ಲ? ಕೊಯ್ದದ್ದಕ್ಕ ಪೂರಾ ಅಂಕಿ. ಮದಲ ತಪ್ಪಿತ್ತು, ಈಗ ಬರೋಬ್ಬರಿ ಆಗೇತಿ.” ಸುಳ್ಳು ಅಂಕಿಗೆ ಹೊಂದುವಂತೆ ನನ್ನ ಮಗಳನ್ನು ಕೊಯ್ದಿದ್ದರು. ಮರುದಿನ ತಾಟು ಇಳಿಯಿತು.

ಉಳಿದ ಗಿಡ್ಡ ಕರುಳಿನಲ್ಲಿ ನೀರು ನಿಲ್ಲುವುದಿಲ್ಲ. ಉಪ್ಪು ಸಕ್ಕರೆಯ ನೀರನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು, ಇಲ್ಲವಾದರೆ ಮೈ ಒಣಗುತ್ತದೆ. ಉಳಿದ ದಿನ ಕುಡಿಯುತ್ತಾಳೆ. ಏಕಾದಶಿಗೆ ಕೊಳವೆಯ ಊಟವನ್ನೂ ಬೇಡವೆಂದು, ಹಲ್ಲು ಕಚ್ಚಿ ಗೋಡೆಗೆ ತಿರುಗಿ ಮಲಗುತ್ತಾಳೆ. “ಈ ಹರಕಿಗೆ ಒಂಬತ್ತ ಮೊಳ ಕೊಟ್ಟೀನವ್ವಾ. ಈಗ ಕುಡದ್ರ ಅದು ಪುಕ್ಕಟ ಹೋಧಂಗ” ಎನ್ನುತ್ತಾಳೆ. ಹೋದ ಏಕಾದಶಿಗೆ ಆಕೆಯ ಕಣ್ಣ ಮುಂದೆಯೇ ನಾನು ಒಂದು ತಂಬಿಗೆ ನೀರು ಗಟಗಟ ಕುಡಿದೆ. ಐವತ್ತು ವರ್ಷದಲ್ಲಿ ಮೊದಲ ಸಲ ವ್ರತ ಮುರಿದೆ. ಮಗಳು ನಕ್ಕಳು. “ನೀ ಕುಡಿ, ಕುಡಿ. ನಿನ್ನ ಕರಳು ಪೂರಾ ಐತಿ.” ಆವತ್ತು ಆಕೆಗೆ ಬಂದ ಮೂತ್ರ ಎರಡು ಚಮಚ, ಚಹದ ಡಿಕಾಕ್ಷನ್ ಬಣ್ಣ. ಇಂಥವು ಇನ್ನೊಂದೆರಡು ಏಕಾದಶಿ, ಆಮೇಲೆ ಕಿಡ್ನಿ ಕೈಬಿಡುತ್ತವೆ ಎಂದಿದ್ದಾಳೆ ಡಾಕ್ಟರಮ್ಮ.

ಹೊತ್ತ ಬಾಯಿಯೇ ಹರಕೆಯನ್ನು ಬಿಡಿಸಬೇಕು. ಇದು ನಿನ್ನ ಕಾಲದ ಪದ್ಧತಿ, ನಮ್ಮದೂ ಅದೇ. “ಸೋನವ್ವಾಯಿ ಬಿಟ್ಟೆ ಅನ್ಲಿ, ಈಗ ಕುಡೀತೀನಿ” ಎಂದಳು ಇಂದು ಬೆಳಿಗ್ಗೆ, ನನ್ನನ್ನು ಚುಚ್ಚಲಿಕ್ಕೆ. ನಿನ್ನ ಹೆಸರಿನಲ್ಲಿ ನಾನೇ ಒಂದು ಸಾಲು ಬರೆದು ತೋರಿಸಬಹುದಿತ್ತು. ಪೆನ್ನು ಹಿಡಿದೆ, ದೇವರ ಹೆಸರಿನಲ್ಲಿ ಸುಳ್ಳು ಬರೆಯಲಾಗಲಿಲ್ಲ. ನೋಡು, ಮಗಳು ಒಣಗುತ್ತಿದ್ದರೂ ನನ್ನ ಕೈ ಇನ್ನೂ ಮಡಿಯಲ್ಲಿದೆ.

ನೀನು ಬರೆ. ‘ಬಿಟ್ಟೆ’ ಎಂಬ ಒಂದೇ ಮಾತು ಸಾಕು, ಕೆಳಗೆ ನಿನ್ನ ಹೆಬ್ಬೆಟ್ಟು ಒತ್ತು. ವರ್ಷಗಳನ್ನು ಹಿಂದಕ್ಕೆ ದಾಟುವ ಹಿನ್ನಡೆ ಅಂಚೆಗೆ ಈ ಕಾಗದ ಹಾಕಿಸುತ್ತೇನೆ. ಅದು ಹೋಗುತ್ತದೆ, ಉತ್ತರ ತರುವುದಿಲ್ಲ. ಆದ್ದರಿಂದ ನಿನ್ನ ಚೀಟಿಯನ್ನು ಹಿತ್ತಾಳೆ ಡಬ್ಬಿಯಲ್ಲಿಟ್ಟು, ಮೇಣ ಹಚ್ಚಿ, ವಿಠೋಬನ ಗುಡಿಯ ಗರುಡಗಂಬದ ಬಲಕ್ಕೆ ಹುಗಿದುಬಿಡು.

ಇನ್ನು ಗೋದಕ್ಕಾ, ನನ್ನ ನೆರೆಮನೆಯವಳೇ, ಅಂಚೆಗೆ ಒಯ್ಯುವ ಮೊದಲು ನೀನು ಇದನ್ನು ಬಿಚ್ಚಿ ಓದುತ್ತೀ ಎಂದು ನನಗೆ ಗೊತ್ತು. ನಾನು ಮಗಳನ್ನು ಬಿಟ್ಟು ಏಳಲಾರೆ. ಕಾಗದ ಹಾಕಿದ ಮೇಲೆ ಗುದ್ದಲಿ ತೆಗೆದುಕೊಂಡು ನೇರ ಗುಡಿಗೆ ಹೋಗು. ಆಯಿ ಬರೆದಿದ್ದರೆ ಆ ಡಬ್ಬಿ ನೂರಾ ನಲವತ್ತೈದು ವರ್ಷದಿಂದ ಅಲ್ಲೇ ಇದೆ. ಓಡಿ ತಾ. ಸಿಗಲಿಲ್ಲವೆಂದು ಹೇಳಲಿಕ್ಕೆ ಮಾತ್ರ ಬರಬೇಡ, ಇನ್ನೂ ಆಳ ಅಗೆ.