ಉದ್ದನೆಯ ಮದುವೆ ರಿಬ್ಬನ್

ಪ್ರೀತಿಯ ಮೆಲ್ಪೊ,

ಸಮಸ್ತ ಲೋಕಕ್ಕೆ ಈ ಮೂಲಕ ಸಾರುವುದೇನೆಂದರೆ, ನಾನು ಔಷಧಿಯ ಆವಿ ಎಳೆದುಕೊಳ್ಳುವ ನೆಬ್ಯುಲೈಸರಿನ ಬಟ್ಟಲು ಈ ಬೆಳಗ್ಗೆಯೂ ಸೋಪಿನಲ್ಲಿ ಮಿಂದು, ಕುದಿನೀರಿನಲ್ಲಿ ಮುಳುಗೆದ್ದು, ಬಿಳಿ ಬಟ್ಟೆಯ ಮೇಲೆ ಮಹಾರಾಣಿಯಂತೆ ಒರಗಿ ಒಣಗುತ್ತಿದೆ. ಅದು ಒಣಗುವವರೆಗೆ ನನಗೆ ಬಿಡುವು. ನಿನ್ನ ಮದುವೆಯ ಗುಂಗು ಇನ್ನೂ ಇಳಿದಿಲ್ಲ.

ನಮ್ಮೂರ ಪದ್ಧತಿಯಂತೆ ನಿನ್ನ ಮತ್ತು ವರ ಲೆಫ್ಟೆರಿಸನ ತಲೆಯ ಮೇಲೆ ಮದುವೆಯ ಕಿರೀಟಗಳನ್ನು ಅದಲುಬದಲು ಮಾಡಿ, ಅವೆರಡನ್ನೂ ಜೋಡಿಸುವ ರಿಬ್ಬನ್ ಹಿಡಿದು ಹಿಂದೆ ನಡೆಯುವವಳು ನಾನೇ ಆಗಬೇಕೆಂದು ನೀನು ಹಟ ಹಿಡಿದೆ. ಅದಕ್ಕೆ ವಧುವಿನ ಬೆನ್ನಿಗೇ ನಿಲ್ಲಬೇಕು. ನಮ್ಮಿಬ್ಬರಿಗೂ ಇರುವುದೋ ಒಂದೇ ಕಾಯಿಲೆ, ಸಿಸ್ಟಿಕ್ ಫೈಬ್ರೋಸಿಸ್. ಊರಿಗೆಲ್ಲ ಏನೂ ಮಾಡದ ಕ್ರಿಮಿ ನಮ್ಮ ಶ್ವಾಸಕೋಶದ ಅಂಟುಕಫದಲ್ಲಿ ಮನೆ ಮಾಡಿಬಿಡುತ್ತದೆ. "ಅಸಿಮೀನಾ, ನಿನ್ನೆದೆಯಲ್ಲಿರೋದು ಅವಳೆದೆಗೆ ಹೋದ್ರೆ ಮತ್ತೆ ಆಚೆ ಬರೋಲ್ಲಮ್ಮ" ಎಂದಿದ್ದರು ಡಾಕ್ಟರು. ಮದುವೆಗೆ ಬರುವುದೇ ಇಲ್ಲವೆಂದು ನಾನು ಹೇಳಿ ಕಳಿಸಿದೆ.

ನಿನ್ನ ಅಜ್ಜಿ ಪಗೋನಾ ಫೋನ್ ಮಾಡಿದಳು. "ಬರಲ್ಲ ಅನ್ನೋಕೆ ನೀನ್ಯಾರೇ? ಕಿರೀಟದ ಕೆಲಸಕ್ಕೆ ಹುಡುಗನ ಅಕ್ಕ ಇದ್ದಾಳೆ. ರಿಬ್ಬನ್ ಹಿಡಿಯೋದು ನೀನೇ. ಉದ್ದ ಸಾಲ್ದಿದ್ರೆ ಹೊಲೀತೀನಿ."

ಹೊಲಿದೇಬಿಟ್ಟಳು. ಚರ್ಚಿನೊಳಗೆ ಗಾಳಿಯಾಡುವುದಿಲ್ಲವೆಂದು ವಧೂವರರು ಸುತ್ತು ಬರುವ ಮೇಜನ್ನು ಅಂಗಳದಲ್ಲೇ ಹಾಕಿಸಿದಳು. ಪಾದ್ರಿ ಸ್ಟಾಥಿಸ್ ರಿಬ್ಬನ್ ನೋಡಿ ಗಡ್ಡ ನೀವಿಕೊಂಡರು.

"ಇದ್ರಲ್ಲಿ ದೋಣಿ ಕಟ್ಟಿಹಾಕ್ಬಹುದಲ್ಲಮ್ಮ."

"ಉದ್ದ ಇಷ್ಟೇ ಇರ್ಬೇಕು ಅಂತ ಎಲ್ಲಾದ್ರೂ ಬರ್ದಿದ್ಯಾ ಫಾದರ್?"

"ಇಲ್ಲ."

"ಮತ್ತಿನ್ನೇನು, ಪ್ರಾರ್ಥನೆ ಶುರು ಮಾಡಿ."

ನೀವಿಬ್ಬರೂ ಮೇಜನ್ನು ಸುತ್ತುವಾಗ ನಾನು ದೂರದಲ್ಲಿ, ಅಂಗಳದ ಅಂಚಿನಲ್ಲಿ ಸುತ್ತುತ್ತಿದ್ದೆ. ನಡುವೆ ಇಡೀ ಊರು. ಎರಡು ಕೆನ್ನೆಗೂ ಮುತ್ತಿಡದೆ ಬೇಕರಿಯಲ್ಲಿ ಬ್ರೆಡ್ಡನ್ನೂ ಕೊಳ್ಳದ ಜನ. ಅವತ್ತು ಒಬ್ಬರೂ ನಿನ್ನ ಮೈಮೇಲೆ ಬೀಳಲಿಲ್ಲ. ರಿಬ್ಬನ್ ಬಂದಲ್ಲೆಲ್ಲ ತಲೆ ತಗ್ಗಿಸಿ ಅದಕ್ಕೆ ದಾರಿ ಬಿಟ್ಟರು. ಬಿಷಪ್ಪರಿಗೂ ಬಗ್ಗದ ಕಸಾಯಿ ವಾಂಗೆಲಿಸ್ ಮೊಣಕಾಲೂರಿದ.

ಆಗ ನೀನು ಕೆಮ್ಮಿದೆ. ಆ ಕೆಮ್ಮು ರಿಬ್ಬನ್ನಿನುದ್ದಕ್ಕೂ ನಡುಗುತ್ತ ಬಂದು ನನ್ನ ಬೆರಳಿಗೆ ತಾಗಿತು. ಇಷ್ಟು ವರ್ಷಗಳ ಗೆಳೆತನದಲ್ಲಿ ನಾವು ಒಬ್ಬರನ್ನೊಬ್ಬರು ಮುಟ್ಟಿದ್ದೆಂದರೆ ಅದೊಂದೇ. ಎಲ್ಲದಕ್ಕೂ ಹಲ್ಲು ಕಿರಿಯುವ ನನಗೆ ಆ ಹೊತ್ತು ಒಂದು ಕುಚೋದ್ಯವೂ ಹೊಳೆಯಲಿಲ್ಲ. ಬಾಯಿ ತೆರೆದುಕೊಂಡೇ ನಡೆದೆ.

ನಿನ್ನ ಉಸಿರು ಸದಾ ಹಗುರವಾಗಿರಲಿ, ಮನೆ ತುಂಬ ಗದ್ದಲವಿರಲಿ.

ಅಂಗಳದ ಆಚೆಯಿಂದಲೇ ನಿನ್ನವಳಾದ,
ಅಸಿಮೀನಾ

ತಾ.ಕ.: ಗುರುವಾರ ನಿನಗೂ ಆಸ್ಪತ್ರೆಯಂತೆ, ಅಜ್ಜಿ ಹೇಳಿದಳು. ನನಗೂ ಅಂದೇ. ದಯವಿಟ್ಟು ಫೋನ್ ಮಾಡಿ ನಿನ್ನದನ್ನು ಶುಕ್ರವಾರಕ್ಕೆ ಹಾಕಿಸಿಕೋ. ಕಾರಿಡಾರಿನಲ್ಲಿ ನೀನು ಎದುರಾದರೆ ಓಡಿಬಂದು ತಬ್ಬಿಕೊಳ್ಳದೆ ಇರುತ್ತೇನೆಂಬ ನಂಬಿಕೆ ನನಗಿಲ್ಲ.