ಗ್ರಿಪ್ಪಿನ ಕೆಳಗಿನ ಮೆತ್ತೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ಇಪ್ಪತ್ತೆರಡು ಹಾಕಿ ಸ್ಟಿಕ್. ಹದಿನಾಲ್ಕರ ಹಿಡಿಗೆ ಸುತ್ತಿದ್ದ ಹಳೆ ಗ್ರಿಪ್ ಬಿಚ್ಚಿ ಆಯಿತು. ಉಗುರಿನ ಸಂದಿಯಲ್ಲೆಲ್ಲ ಗೋಂದು. ಕಿಟ್ ರೂಮಿನ ಕಿಟಕಿ ತೆರೆದಿಟ್ಟರೂ ಬೆವರಿನ ವಾಸನೆ ಹೋಗುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹೋಗಿಲ್ಲ, ಇವತ್ತು ಯಾಕೆ ಹೋಗುತ್ತದೆ.

ಬಿಚ್ಚಿದ ಗ್ರಿಪ್ ನೋಡಿದರೆ ಯಾರದ್ದೆಂದು ಹೇಳಬಲ್ಲೆ. ಕ್ಯಾಪ್ಟನ್ನಿನದು ಎಲ್ಲ ಕಡೆ ಒಂದೇ ಸಮ ಸವೆದಿರುತ್ತದೆ, ಆಕೆಯ ಸ್ವಭಾವದ ಹಾಗೆ. ಬೆಣ್ಣೆಯದು ಉದ್ದಕ್ಕೂ ಜಾರಿದ ಗುರುತು. ಕೈಯಿಂದ ಎಲ್ಲ ಜಾರುತ್ತದೆ ಎಂದೇ ಆ ಹುಡುಗಿಗೆ ಬೆಣ್ಣೆ ಎಂಬ ಹೆಸರು ಬಿದ್ದದ್ದು. ನನ್ನ ಮಗಳದ್ದು ನೋಡುವುದೂ ಬೇಡ, ಕಣ್ಣು ಮುಚ್ಚಿ ಮುಟ್ಟಿದರೆ ಸಾಕು. ಮೇಲಿನ ತುದಿಯಲ್ಲಿ, ಎಡಗೈಯ ಕೊನೆಯ ಎರಡು ಬೆರಳು ಕೂರುವಲ್ಲಿ ಎರಡು ಗುಳಿ. ಸ್ಟಿಕ್ ತಿರುಗಿಸುವ ಬಲವೆಲ್ಲ ಅಲ್ಲಿಂದ.

ಇವತ್ತು ಗುಳಿ ಇಲ್ಲ. ಆ ಜಾಗ ಹೊಸದರ ಹಾಗಿದೆ. ಹೆಬ್ಬೆರಳಿನ ಕಡೆ ಮಾತ್ರ ಸವೆದು ಹರಿದಿದೆ.

ಮೂರು ವಾರದ ಹಿಂದೆ ಲೀಗ್ ಪಂದ್ಯದಲ್ಲಿ ಬಿದ್ದಿದ್ದಳು. ಎದ್ದು ಕೈ ಕೊಡವಿ ಓಡಿದ್ದಳು. ಅಷ್ಟೇ ಎಂದುಕೊಂಡಿದ್ದೆ.

ಸಂಜೆ 5.15

ಕೇಳಿದೆ. ಶೂ ಲೇಸ್ ಕಟ್ಟುತ್ತಾ ಇದ್ದಳು. ಬಲಗೈಯಿಂದ, ಹಲ್ಲಿನಿಂದ.

"ಕೈಗೆ ಏನಾಗಿದೆ?"

"ಏನಿಲ್ಲ ಅಪ್ಪಾ."

"ಲೇಸನ್ನ ಹಲ್ಲಲ್ಲಿ ಯಾಕೆ ಎಳೀತಿದ್ದೀಯ?"

"ರುಚಿಯಾಗಿದೆ."

ನಗಿಸಿ ಓಡಿಹೋದಳು. ತಂಡದವರು ಸುಮ್ಮನೆ ಮಿಡತೆ ಎಂದು ಕರೆಯುವುದಿಲ್ಲ.

"ಏನಿಲ್ಲ" ಎನ್ನುವ ರೀತಿ ಮಾತ್ರ ಥೇಟ್ ಅವಳ ಅಮ್ಮನದು.

ಮಾರ್ಚ್ 4, ಮಂಗಳವಾರ

ನನ್ನ ಕೈ ಸುಮ್ಮನಿರಲಿಲ್ಲ. ಕಾಲಿಗೆ ಕಟ್ಟುವ ಹಳೆಯ ಶಿನ್‌ಗಾರ್ಡಿನ ಒಳಗಿನ ಸ್ಪಂಜು ಬಿಡಿಸಿದೆ. ಎರಡು ಬೆರಳಗಲ ಕತ್ತರಿಸಿ, ಮಗಳ ಸ್ಟಿಕ್ಕಿನ ತುದಿಗೆ ಸುತ್ತಿ, ಮೇಲೆ ಹೊಸ ಗ್ರಿಪ್ ಎಳೆದೆ. ಹಿಡಿ ಸ್ವಲ್ಪ ದಪ್ಪಗಾಯಿತು. ಇನ್ನು ಬೆರಳು ಪೂರ್ತಿ ಮಡಚಬೇಕಿಲ್ಲ. ಹೊಡೆತದ ಅದುರು ಮಣಿಕಟ್ಟಿಗೆ ಏರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಇಪ್ಪತ್ತಾರು ವರ್ಷದ ಕೆಲಸ, ಅಷ್ಟೂ ಬರದಿದ್ದರೆ ಹೇಗೆ.

ಸ್ಪಂಜು ಕತ್ತರಿಸಿದ್ದು ನನ್ನ ಮೊಂಡು ಕತ್ತರಿಯಲ್ಲಿ. ಹೆಂಡತಿಯ ಕತ್ತರಿ ಇಲ್ಲೇ ಕಿಟ್ ರೂಮಿನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲೇ ಇದೆ. "ನನ್ನ ಕತ್ತರಿಗೆ ಗೋಂದು ಮೆತ್ತಿದ್ರೆ ನೋಡಿ ಮತ್ತೆ" ಎನ್ನುತ್ತಿದ್ದಳು. ಜೆರ್ಸಿಗೆ ನಂಬರ್ ಹೊಲಿಯಲು ಮಾತ್ರ ಆ ಕತ್ತರಿ. ಅವಳು ಹೋಗಿ ಏಳು ತಿಂಗಳಾಯಿತು. ಈಗ ನಂಬರುಗಳು ಅಂಟಿಸಿಕೊಂಡೇ ಬರುತ್ತವೆ.

ಮಗಳಿಗೆ ಸ್ಪಂಜಿನ ವಿಷಯ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಕ್ಲಬ್ಬಿನ ಡಾಕ್ಟರಮ್ಮ ಹಿಡಿದು ಕೂರಿಸಿ ಎಕ್ಸ್-ರೇ ತೆಗೆಸಿದರು. ಮಣಿಕಟ್ಟಿನ ಸಣ್ಣ ಮೂಳೆಯಲ್ಲಿ ಬಿರುಕು. ಕೂದಲೆಳೆಯಷ್ಟು.

"ಆರು ವಾರ ಪ್ಲಾಸ್ಟರ್. ಈಗ ಆಡಿ ಅದು ಸರಿದುಹೋದ್ರೆ ಸ್ಟಿಕ್ ಬಿಡು, ಬಕೆಟ್ ಎತ್ತೋದೂ ಕಷ್ಟ."

ರಾಷ್ಟ್ರೀಯ ತಂಡ ಹೊರಡುವುದು ಹದಿನಾರಕ್ಕೆ. ನಾಲ್ಕು ವರ್ಷಕ್ಕೊಮ್ಮೆ ಬರುವ ಟೂರ್ನಿ. ಹಿಂದಿನ ಸಲ ಬೆಂಚಿನ ಮೇಲೆ ಕೂತು ಬಂದಿದ್ದಳು. ಈಗ ಇಪ್ಪತ್ತೊಂಬತ್ತು. ಮುಂದಿನ ಸಲಕ್ಕೆ ಯಾರೂ ಕರೆಯುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಕ್ಲಬ್ ಸೆಕ್ರೆಟರಿ ಬಾಗಿಲಲ್ಲೇ ನಿಂತು ಹೇಳಿದರು: "ಸಂಬಳ ಕೊಡೋದು ನಾವು, ಮುರಿದು ಕಳಿಸೋದು ಅವರು." ರಾಷ್ಟ್ರೀಯ ಕೋಚ್ ಫೋನಿನಲ್ಲಿ: "ಬಿಗಿಯಾಗಿ ಸ್ಟ್ರ್ಯಾಪ್ ಮಾಡಿ, ಒಂದು ಇಂಜೆಕ್ಷನ್. ಬರೀ ಪೆನಾಲ್ಟಿ ಕಾರ್ನರ್‌ಗೆ ಇಳಿಸ್ತೀನಿ. ದೇಶಕ್ಕೆ ನೀನು ಬೇಕಮ್ಮಾ."

ಮಗಳು ಫೋನ್ ಇಟ್ಟು ಇಬ್ಬರಿಗೂ ಸೇರಿಸಿ ಅಂದಳು: "ಕೈ ನಂದು."

ಆಮೇಲೆ ಡಾಕ್ಟರಮ್ಮನ ಮೇಜಿನ ಮೇಲೆ ಬೆರಳಿಟ್ಟು ತಾನೇ ಒಂದು ಮಾತು ಕೊಟ್ಟಳು. ಶುಕ್ರವಾರ ಐವತ್ತು ಡ್ರ್ಯಾಗ್ ಫ್ಲಿಕ್, ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆಯುವಂಥದ್ದು. ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಚಿಮ್ಮಿಸುವುದು, ಅದರಷ್ಟು ಮಣಿಕಟ್ಟು ತಿನ್ನುವ ಹೊಡೆತ ಬೇರೆ ಇಲ್ಲ. ಐವತ್ತರಲ್ಲಿ ಒಂದು ಸಲ ನೋವಾದರೂ ಪ್ಲಾಸ್ಟರ್. ಆಗದಿದ್ದರೆ ಹೊರಡುವುದು.

"ಸುಳ್ಳು ಹೇಳಲ್ಲ. ಅಮ್ಮನಾಣೆ."

"ನನ್ನ ಕೇಳಿದ್ರೆ ಈಗಲೇ ಬೇಡ ಅಂತೀನಿ. ಆದ್ರೆ ಸಹಿ ಹಾಕೋಳು ನೀನು" ಎಂದರು ಡಾಕ್ಟರಮ್ಮ.

ಸ್ಪಂಜಿನ ಮಾತು ಬಾಯಿಗೆ ಬಂತು. ಅಷ್ಟು ಜನರ ಮುಂದೆ... ನುಂಗಿದೆ. ನಾಳೆ ಹೇಳಿದರಾಯಿತು.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ 9.30

ನಿನ್ನೆ ಹೇಳಲಿಲ್ಲ.

ಮೈದಾನ ನೋಡಿಕೊಳ್ಳುವ ಹುಲ್ಲಣ್ಣ ಬೆಳಿಗ್ಗೆಯೇ ಮೈದಾನಕ್ಕೆ ನೀರು ಹಾಯಿಸಿದ್ದ. ಹುಲ್ಲು ಕಿತ್ತು ಟರ್ಫ್ ಹಾಸಿ ಹನ್ನೊಂದು ವರ್ಷವಾಯಿತು, ಅವನ ಹೆಸರು ಮಾತ್ರ ಕಿತ್ತಿಲ್ಲ.

"ದೇಶ ಕರೆದ್ರೆ ಒಂದು ಕೈಯಲ್ಲೂ ಹೋಗ್ಬೇಕು ಕಣಯ್ಯ" ಎಂದ.

"ನಿನ್ನ ಕರೆದಿದ್ರೆ ಹೋಗ್ತಿದ್ದೆಯಾ?"

"ಪೈಪು ಹಿಡ್ಕೊಂಡೇ ಹೋಗ್ತಿದ್ದೆ. ಕರೀಲಿಲ್ಲವಲ್ಲ."

ಐವತ್ತು. ನಾನು ಎಣಿಸಿದೆ. ಡಾಕ್ಟರಮ್ಮ ಅವಳ ಮುಖ ನೋಡುತ್ತಿದ್ದರು, ನಾನು ಬೆರಳು ನೋಡುತ್ತಿದ್ದೆ. ಹದಿನೈದರ ಹೊತ್ತಿಗೆ ಅವಳಿಗೇ ಆಶ್ಚರ್ಯ. ಮೂವತ್ತಕ್ಕೆ ನಗು. ಐವತ್ತನೆಯದು ಬಲೆಯ ಮೇಲಿನ ಮೂಲೆಗೆ ಹೋಗಿ ಸಿಕ್ಕಿಕೊಂಡಿತು.

ಓಡಿ ಬಂದು ನನ್ನನ್ನು ಎತ್ತಿದಳು. ಅರವತ್ತೊಂದು ವರ್ಷದ ಮುದುಕನನ್ನು. "ಅಪ್ಪಾ, ನೋವೇ ಇಲ್ಲ! ಕೈ ವಾಸಿಯಾಗಿದೆ!"

ಅವಳು ಸುಳ್ಳು ಹೇಳಲಿಲ್ಲ.

ಏಳು ತಿಂಗಳ ಮೇಲೆ ಅವಳು ಹಾಗೆ ನಕ್ಕಿದ್ದು. ನಾನೂ ನಕ್ಕೆ. ಏನು ಮಾಡಲಿ.

ಮಾರ್ಚ್ 8, ಶನಿವಾರ

ಬ್ಯಾಗ್ ತುಂಬುತ್ತಿದ್ದಾಳೆ. ಇನ್ನೂ ಎಂಟು ದಿನ ಇದೆ, ಆಗಲೇ ಮೂರು ಸಲ ತುಂಬಿ ಖಾಲಿ ಮಾಡಿದ್ದಾಳೆ. ಮಧ್ಯಾಹ್ನ ಇನ್ನೆರಡು ಸ್ಟಿಕ್ ತಂದು ನನ್ನ ಬೆಂಚಿನ ಮೇಲಿಟ್ಟಳು.

"ಈ ಸಲದ ಗ್ರಿಪ್ ಅದೇನು ಚೆನ್ನಾಗಿ ಕೂತಿದೆ ಅಪ್ಪಾ! ಇವಕ್ಕೂ ಹಾಗೇ ಸುತ್ತಿಕೊಡು. ನಿನ್ನ ಕೈಯಲ್ಲೇನೋ ಇದೆ."

ಬರೆಯಲು ಕೂತು ಬಹಳ ಹೊತ್ತಾಯಿತು. ಬೇರೆ ಏನೋ ನೆನಪಾಗುತ್ತಿದೆ. ಇದುವರೆಗೆ ಬರೆದಿಲ್ಲ. ಬರೆಯುತ್ತೇನೆ.

ಹೋದ ವರ್ಷ ಈ ಹೊತ್ತಿಗೆ ಇವಳ ಅಮ್ಮ ಮೆಷಿನ್ನಿನ ಮುಂದೆ ಕೂತವಳು ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಏನಾಯಿತು ಎಂದರೆ, "ಏನಿಲ್ಲರೀ, ಸ್ಟೂಲು ಗಟ್ಟಿ." ನಾನು ಅವತ್ತೇ ಹಳೆ ಗೋಲ್‌ಕೀಪರ್ ಪ್ಯಾಡ್ ಬಿಚ್ಚಿ ಸ್ಟೂಲಿಗೊಂದು ಮೆತ್ತೆ ಮಾಡಿಕೊಟ್ಟೆ. ಎಷ್ಟು ಚೆಂದ ಕೂತಿತ್ತು. "ಈಗ ಹಾಯಾಗಿದೆ" ಎಂದಳು. ನಂಬಿದೆ. ಮೆತ್ತೆ ಮಾಡಿದ ಹೆಮ್ಮೆಯಲ್ಲಿ ನಾಲ್ಕು ತಿಂಗಳು ಓಡಾಡಿದೆ. ಆಸ್ಪತ್ರೆಗೆ ಹೋದಾಗ ಅವರು ಕೇಳಿದ ಮೊದಲ ಮಾತು — ಇಷ್ಟು ದಿನ ಯಾಕೆ ಬರಲಿಲ್ಲ.

ನೋವು ಕಂಡಲ್ಲಿ ಮೆತ್ತೆ ಇಡುವುದು. ನನಗೆ ಬರುವ ವಿದ್ಯೆ ಇದೊಂದೇ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 11

ಹೇಳಿದೆ.

ಚಹಾ ಕುಡಿಯುತ್ತಿದ್ದಳು. ಸ್ಟಿಕ್ಕನ್ನು ಮೇಜಿನ ಮೇಲೆ ಅಡ್ಡ ಇಟ್ಟೆ. ನನ್ನ ಮೊಂಡು ಕತ್ತರಿಯನ್ನು ಕಿಟ್ ರೂಮಿನಲ್ಲೇ ಬಿಟ್ಟು, ಅವಳ ಅಮ್ಮನ ಕತ್ತರಿಯನ್ನೇ ಮನೆಗೆ ತಂದಿದ್ದೆ. ಅದರಲ್ಲೇ ಗ್ರಿಪ್ ಸೀಳಿದೆ. ಕತ್ತರಿಯ ಬಾಯಿಗೆಲ್ಲ ಗೋಂದು ಮೆತ್ತಿತು. ಸ್ಪಂಜು ಹೊರಗೆ ಬಂತು, ಹಳದಿ, ಬೆರಳಿನ ಅಚ್ಚು ಸಮೇತ.

ಆ ಅಚ್ಚಿನಲ್ಲಿ ತನ್ನ ಎರಡು ಬೆರಳಿಟ್ಟು ನೋಡಿದಳು.

"ಯಾವಾಗ ಹಾಕಿದ್ದು?"

"ಮಂಗಳವಾರ."

"ಅಂದ್ರೆ ಶುಕ್ರವಾರ ನೀನು ಅಲ್ಲಿ ನಿಂತು ಎಣಿಸ್ತಿದ್ದೆ."

"ಹ್ಞೂಂ."

"ಐವತ್ತೂ ಎಣಿಸಿದೆ."

"ಹ್ಞೂಂ."

ಎದ್ದಳು. ಬೆಣ್ಣೆಯ ಸ್ಟಿಕ್ ಒಂದು ರಿಪೇರಿಗೆ ಮನೆಗೆ ಬಂದಿತ್ತು, ಮಾಮೂಲಿ ಗ್ರಿಪ್. ಅದನ್ನು ಎತ್ತಿಕೊಂಡು ಮೈದಾನಕ್ಕೆ ನಡೆದಳು. ನಾನು ಹಿಂದೆ. ಮನೆ ಬಟ್ಟೆ, ಚಪ್ಪಲಿ. ಒಂದು. ಎರಡು. ಮೂರನೆಯದಕ್ಕೆ ತುಟಿ ಕಚ್ಚಿದಳು. ನಾಲ್ಕನೆಯದು ಎಳೆಯುವಾಗ ಸ್ಟಿಕ್ ಕೈಬಿಟ್ಟು ಬಿತ್ತು.

ಎತ್ತಲು ಬಗ್ಗಿದೆ.

"ಬಿಡು. ಮುಟ್ಟಬೇಡ." ಆಮೇಲೆ ಮೆಲ್ಲಗೆ, "ಕೋಚು ಇಂಜೆಕ್ಷನ್ ಅಂದ, ಮುಚ್ಚಿಡದೆ ಅಂದ. ಸೆಕ್ರೆಟರಿ ಬೇಡ ಅಂದ್ರು, ಅದನ್ನೂ ಎದುರಿಗೇ ಅಂದ್ರು. ನೀನೊಬ್ಬನೇ ಅಪ್ಪಾ, ನಂಗೆ ಗೊತ್ತಾಗದ ಹಾಗೆ ಮಾಡಿದ್ದು."

ಮಾರ್ಚ್ 10

ಮಾತಿಲ್ಲ. ನನ್ನ ತಟ್ಟೆಗೆ ಮುಚ್ಚಳ ಮುಚ್ಚಿಟ್ಟು ಹೋಗಿದ್ದಳು. ಅಷ್ಟು ಸಾಕು.

ಮಾರ್ಚ್ 13, ಗುರುವಾರ. ಸಂಜೆ

ಕಿಟ್ ರೂಮಿಗೆ ಬಂದಳು. ಅಮ್ಮನ ಸ್ಟೂಲ್ ಎಳೆದುಕೊಂಡು ಕೂತಳು. ಅದರ ಮೇಲೆ ಯಾರೂ ಕೂತಿರಲಿಲ್ಲ ಇಷ್ಟು ದಿನ.

"ಮೆತ್ತಗಿದೆ" ಎಂದಳು.

"ನಾನೇ ಮಾಡಿದ್ದು."

"ಗೊತ್ತು. ಅಮ್ಮ ಎಲ್ಲರಿಗೂ ತೋರಿಸೋಳು."

ಆಗ ನಿನ್ನೆ-ಮೊನ್ನೆಯ ಕತೆಯೆಲ್ಲ ಹೇಳಿದಳು. ಕೋಚಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದ್ದಾಳೆ, ಸ್ಪಂಜಿನ ವಿಷಯವೂ ಸೇರಿ. ಆತ ನಕ್ಕುಬಿಟ್ಟನಂತೆ. "ನಿಮ್ಮಪ್ಪನನ್ನೂ ಕರ್ಕೊಂಡು ಬಾ, ಅಂಥ ಗ್ರಿಪ್ ನಮಗೂ ಬೇಕು." ಈಗಲೂ ಜಾಗ ಅವಳಿಗೇ ಇದೆ. ನಾಳೆ ಮಧ್ಯಾಹ್ನದೊಳಗೆ ಹೇಳಬೇಕು.

"ನೀನೇನು ಹೇಳ್ತೀಯ?"

"ನಾನು ಹೇಳೋದೇನು. ಕೈ ನಿಂದು."

"ಅಪ್ಪಾ, ಒಂದೇ ಒಂದು ಸಲ ಬಾಯಿ ಬಿಡು. ಸುತ್ತಬೇಡ. ಟೇಪಲ್ಲ ಇದು."

ಟೇಪಿನ ಸುರುಳಿ ಕೆಳಗಿಟ್ಟೆ.

"ಹೋಗಬೇಡ" ಅಂದೆ. "ನೀನು ಆಡೋದು ನೋಡಬೇಕು ಅಂತ ನಂಗಿಲ್ವಾ? ನಿಮ್ಮಮ್ಮ ಹೊಲಿದ ನಂಬರ್ ಹಾಕ್ಕೊಂಡು ಆರು ವರ್ಷದ ಮಿಡತೆ ಇಲ್ಲೇ ಓಡಾಡ್ತಿತ್ತು. ಆದ್ರೆ ಆ ಕೈ ಇನ್ನೂ ನಲವತ್ತು ವರ್ಷ ಬೇಕು ನಿಂಗೆ. ದೇಶಕ್ಕೆ ಬೇಕಿರೋದು ಹದಿನೈದು ದಿನ." ಅಷ್ಟು ಉದ್ದ ಮಾತಾಡಿ ಅಭ್ಯಾಸವಿಲ್ಲ. "ಆದ್ರೂ ಹೋಗ್ತೀನಿ ಅಂದ್ರೆ ಬ್ಯಾಗ್ ನಾನೇ ಕಟ್ಟಿಕೊಡ್ತೀನಿ. ಮಾಮೂಲಿ ಗ್ರಿಪ್ ಸುತ್ತಿ."

ಡ್ರಾಯರಿನಿಂದ ಅಮ್ಮನ ಕತ್ತರಿ ತೆಗೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಬಾಯಿಯ ಗೋಂದು ಉಜ್ಜುತ್ತಾ ಕೂತಳು. ಎಡಗೈಯಲ್ಲಿ ಹಿಡಿಯಲಾಗದೆ ಮೊಣಕಾಲಿನ ಸಂದಿಯಲ್ಲಿ ಸಿಕ್ಕಿಸಿಕೊಂಡು.

ಮಾರ್ಚ್ 14, ಶುಕ್ರವಾರ

ಪ್ಲಾಸ್ಟರ್ ಹಾಕಿಸಿಕೊಂಡಳು. ಬೆರಳ ತುದಿ ಮಾತ್ರ ಹೊರಗೆ. ಹುಲ್ಲಣ್ಣ ಅದರ ಮೇಲೆ ಮಿಡತೆಯ ಚಿತ್ರ ಬರೆದಿದ್ದಾನೆ. ಒಂಟೆಯ ಹಾಗಿದೆ.

ಅವಳ ಬದಲು ಬೆಣ್ಣೆ ಹೊರಟಿದ್ದಾಳೆ. ಕಣ್ಣು ತುಂಬಿಕೊಂಡು ಬಂದಿತ್ತು ಹುಡುಗಿ. "ಅಕ್ಕಾ, ನಿನ್ನ ಜಾಗ ಇದು." ಮಗಳು ಅಂದಳು: "ಅತ್ತಿದ್ದು ಸಾಕು, ಸ್ಟಿಕ್ ಜಾರುತ್ತೆ." ತನ್ನ ಸ್ಟಿಕ್ಕನ್ನೇ ಕೊಟ್ಟಳು. ಬೆಣ್ಣೆಯ ಕೈ ಚಿಕ್ಕದು. ತೆಳ್ಳಗೆ, ಒಂದೇ ಪದರ ಸುತ್ತಿದೆ. ಸುತ್ತುವಾಗ ಮಗಳು ಪಕ್ಕದಲ್ಲೇ ನಿಂತು ಬಗ್ಗಿ ಬಗ್ಗಿ ನೋಡಿದಳು.

"ಏನು, ಪೊಲೀಸಾ?"

"ಹೌದು. ನಿನ್ನ ಮೇಲೆ ಕೇಸಿದೆ."

ಮಾರ್ಚ್ 29, ಶನಿವಾರ. ಸಂಜೆ 6.50

ಸೆಮಿಫೈನಲ್. ನಮ್ಮ ಹಾಲ್‌ನಲ್ಲೇ ಎಲ್ಲ — ಹುಲ್ಲಣ್ಣ, ಡಾಕ್ಟರಮ್ಮ, ನಾವಿಬ್ಬರು. ನಮ್ಮದು ಒಂದು ಗೋಲು, ಅವರದು ಎರಡು. ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಬೆಣ್ಣೆ. ಮಗಳು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, "ಕೆಳಗೆ, ಎಡಗಡೆ, ಕೆಳಗೆ ಕಣೇ" ಎಂದು ಕೂಗಿದಳು. ಬೆಣ್ಣೆ ಎಡಗಡೆಗೇ ಚಿಮ್ಮಿಸಿದಳು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಮುಗಿಯಿತು.

"ಮಿಡತೆ ಇದ್ದಿದ್ರೆ..." ಎಂದ ಹುಲ್ಲಣ್ಣ. ಡಾಕ್ಟರಮ್ಮ ಅವನ ಕಾಲು ತುಳಿದರು. ಬೇಗ ಎದ್ದು ಹೋದರು ಇಬ್ಬರೂ.

ಮಗಳು ಟಿವಿ ಆರಿಸಲಿಲ್ಲ. ಬೆಣ್ಣೆ ಸ್ಟಿಕ್ಕಿನ ಮೇಲೆ ಹಣೆಯಿಟ್ಟು ಕೂತಿದ್ದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಗ್ರಿಪ್ ಕಾಣುತ್ತಿತ್ತು. ಚೆನ್ನಾಗಿಯೇ ಕೂತಿತ್ತು.

ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಆ ಕಂಬದ ಸದ್ದು ಈ ಮನೆಯಲ್ಲಿ ಬಹಳ ದಿನ ಇರುತ್ತದೆ. ಕೇಳಿದೆ. ಮಗಳನ್ನು ಕೇಳಲು ಹೆದರಿಕೆಯಾದರೂ ಕೇಳಿದೆ.

"ನೋವಾಗ್ತಿದೆಯಾ?"

ಅವಳು ತಿರುಗಿ ನೋಡಿದಳು. "ಏನಿಲ್ಲ" ಎನ್ನುವುದಕ್ಕೆ ಕಾದು ಕೂತೆ. ಬರಲಿಲ್ಲ.

"ಆಗ್ತಿದೆ ಅಪ್ಪಾ. ತುಂಬಾ ಆಗ್ತಿದೆ."

ಅತ್ತಳು. ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ, ಬಾಯಿ ತೆರೆದು. ನಾನು ಏನೂ ಇಡಲಿಲ್ಲ, ಏನೂ ಸುತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದೆ, ಅಷ್ಟೇ. ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ಯಾರಾದರೂ ನನಗೆ ಹಾಗೆ ಹೇಳಿದ್ದು ಇದೇ ಮೊದಲು.

ಈಗ ಒಳಗಿನಿಂದ ಕೂಗುತ್ತಿದ್ದಾಳೆ. ಕೈ ಎತ್ತರಕ್ಕಿಡಬೇಕಂತೆ, ಇನ್ನೊಂದು ದಿಂಬು ಬೇಕಂತೆ. ತಾನೇ ಕೇಳುತ್ತಿದ್ದಾಳೆ. ಎದ್ದು ಕೊಟ್ಟು ಬರುತ್ತೇನೆ.